ಮೆಣಸಿನಕಾಯಿ ಚೀಲಕ್ಕೆ ಪಾವತಿ ಚೀಟಿ ಇದೆ, ಮಕ್ಕಳ ಟ್ರಂಕಿಗೆ ಯಾಕಿಲ್ಲ?

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಧಾರವಾಡದ ಎಷ್ಟೋ ಹಾಸ್ಟೆಲ್‌ಗಳಲ್ಲಿ ಮಕ್ಕಳು ರೂಮ್ ಖಾಲಿ ಮಾಡಬೇಕು. ಸುಣ್ಣ ಬಳಿಯಬೇಕು, ರಿಪೇರಿ ಆಗಬೇಕು, ಮುಂದಿನ ವರ್ಷಕ್ಕೆ ರೂಮ್ ಹಂಚಬೇಕು. ಅದೆಲ್ಲ ಸರಿ. ಆದರೆ ಆ ಎರಡು ತಿಂಗಳು ಮಕ್ಕಳ ಸಾಮಾನು ಎಲ್ಲಿರಬೇಕು? ಅದನ್ನು ಯಾರೂ ಹೇಳುವುದಿಲ್ಲ.

ನನ್ನದು ರೋಣ ತಾಲ್ಲೂಕಿನ ಒಂದು ಹಳ್ಳಿ. ಮಗಳು ಧಾರವಾಡದಲ್ಲಿ ಬಿಎಸ್ಸಿ ಓದುತ್ತಿದ್ದಾಳೆ, ಸಸ್ಯಶಾಸ್ತ್ರ ಅವಳಿಗೆ ಪ್ರಾಣ. ಹೋದ ವರ್ಷ ಪರೀಕ್ಷೆ ಮುಗಿದ ಮರುದಿನವೇ ರೂಮ್ ಬಿಡಬೇಕು ಅಂದರು. ಒಂದು ಟ್ರಂಕು, ಗಾದಿ, ಬಕೆಟ್ಟು, ಎರಡು ಗೋಣಿಚೀಲದ ತುಂಬ ಪುಸ್ತಕ. ಬಸ್ಸಿನಲ್ಲಿ ಒಬ್ಬರಿಗೆ 30 ಕೆ.ಜಿ.ವರೆಗೆ ಲಗೇಜು ಉಚಿತ ಇದೆ ನಿಜ, ಶಕ್ತಿ ಯೋಜನೆ ಬಂದ ಮೇಲೆ ಅವಳ ಟಿಕೆಟ್ ಖರ್ಚೂ ಉಳಿದಿದೆ, ಆದರೆ ಧಾರವಾಡದಿಂದ ಬಸ್ ಹತ್ತಿ ಹುಬ್ಬಳ್ಳಿಯಲ್ಲಿ ಇಳಿದು, ಗದಗಿನ ಬಸ್ ಹಿಡಿದು, ಗದಗಿನಲ್ಲಿ ಮತ್ತೆ ಇಳಿದು ನಮ್ಮ ಕಡೆಯ ಬಸ್ಸಿಗೆ ಕಾಯುವ ಹುಡುಗಿ ಇಷ್ಟೆಲ್ಲ ಹೊತ್ತುಕೊಂಡು ಬರೋದು ಹೇಗೆ ಹೇಳಿ. ಗಾಡಿ ಮಾಡಿಕೊಂಡು ಬಂದರೆ ಹೋಗಲಿಕ್ಕೆ ಒಂದು ಬಾಡಿಗೆ, ಬರಲಿಕ್ಕೆ ಒಂದು. ಜೂನ್ ಮುಗಿಯುವಷ್ಟರಲ್ಲಿ ಮತ್ತೆ ಅದೇ ಸಾಮಾನು ಅಲ್ಲಿಗೇ ಒಯ್ಯಬೇಕು.

ಕೊನೆಗೆ ಹಾಸ್ಟೆಲ್ ಹತ್ತಿರದ ಒಬ್ಬ ಪುಣ್ಯಾತ್ಮರು ತಮ್ಮ ಮನೆಯ ಮೆಟ್ಟಿಲ ಕೆಳಗೆ ಇಟ್ಟುಕೊಳ್ಳಲು ಒಪ್ಪಿದರು. ದುಡ್ಡೂ ಬೇಡ ಅಂದರು. ಅವರ ತಪ್ಪು ಏನೂ ಇಲ್ಲ. ಆದರೆ ಧಾರವಾಡದ ಮಳೆ ನಮ್ಮ ರೋಣದ ಮಳೆಯಂತಲ್ಲ, ಅದು ಮಲೆನಾಡಿನ ಸೆರಗಿನ ಊರು. ಮೊದಲು ಅಡ್ಡಮಳೆ, ಆಮೇಲೆ ರೋಹಿಣಿ, ಮೃಗಶಿರ. ಕಾಲೇಜು ಶುರುವಾದಾಗ ನಾನೂ ಜೊತೆಗೆ ಹೋಗಿದ್ದೆ. ಟ್ರಂಕಿನ ತಳದಲ್ಲಿ ತುಕ್ಕಿನ ಕೆಂಪು ನೀರು ನಿಂತಿತ್ತು. ಮುಚ್ಚಳ ತೆಗೆದ ಕೂಡಲೇ ಬೂಷ್ಟಿನ ವಾಸನೆ ಬಂತು. ಮೇಲಿದ್ದದ್ದು ನನ್ನ ತಾಯಿ ಹೊಲಿದುಕೊಟ್ಟ ಕೌದಿ. ಅದನ್ನು ಒಗೆದು ಒಣಗಿಸಿದೆವು, ಕಲೆ ಉಳಿದರೂ ಕೌದಿ ಉಳಿಯಿತು. ಅದರ ಕೆಳಗೆ ಅವಳ ಹರ್ಬೇರಿಯಂ ಹಾಳೆಗಳಿದ್ದವು. ಗಿಡ ಕಿತ್ತು ತಂದು, ಪೇಪರ್ ನಡುವೆ ಇಟ್ಟು, ಮೇಲೆ ಭಾರ ಹೇರಿ, ದಿನಾ ಪೇಪರ್ ಬದಲಿಸಿ ಒಣಗಿಸಿದ್ದು. ನಮ್ಮ ಹೊಲದ ಬದುವಿನ ತುಂಬೆ ಇತ್ತು, ಉತ್ತರಾಣಿ ಇತ್ತು. ಎಲ್ಲ ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಳಗೆ ಅವಳು ಬರೆದಿದ್ದ ಗಿಡದ ಹೆಸರು, ಊರು, ತಾರೀಖು, ಶಾಯಿ ಹರಡಿ ಏನೂ ಓದಲು ಬರುತ್ತಿರಲಿಲ್ಲ. ತುಂಬೆಯನ್ನು ಬಿಡಿಸಲು ಹೋದಳು, ಎಲೆ ಕೈಗೆ ಪುಡಿಯಾಗಿ ಬಂತು. ಅವಳು ಅಳಲಿಲ್ಲ. ಸುಮ್ನೆ ಕೂತಳು. ನನಗೆ ಅದೇ ಜಾಸ್ತಿ ಸಂಕಟ ಆಯಿತು.

ನಾನು ಮೆಣಸಿನಕಾಯಿ ಬೆಳೆಯುವವನು. ಬೆಲೆ ಬಿದ್ದಾಗ ಬ್ಯಾಡಗಿಗೆ ಹೋಗಿ ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಇಟ್ಟು ಬರುತ್ತೇನೆ. ಎಷ್ಟು ಚೀಲ, ಯಾವ ದಿನ, ಚೀಲದ ಮೇಲೆ ಏನು ಗುರುತು, ಎಲ್ಲ ಬರೆದು ಪಾವತಿ ಕೊಡುತ್ತಾರೆ. ತಿಂಗಳುಗಟ್ಟಲೆ ಬಿಟ್ಟು ಹೋದರೂ ನನ್ನ ಚೀಲ ನನಗೇ ಸಿಗುತ್ತದೆ, ಕಾಯಿಯ ಬಣ್ಣವೂ ಹೋಗಿರುವುದಿಲ್ಲ. ಇಷ್ಟೇ ಕೆಲಸ ಕಾಲೇಜಿನಲ್ಲಿ ಆಗುವುದಿಲ್ಲವಾ? ರಜೆಯಲ್ಲಿ ಕ್ಲಾಸ್ ರೂಮುಗಳು ಬೀಗ ಹಾಕಿಕೊಂಡೇ ಇರುತ್ತವೆ ಅಲ್ವಾ. ಸೋರದ ಒಂದು ಕೋಣೆ ಬಿಟ್ಟುಕೊಡಲಿ. ನೆಲಕ್ಕೆ ಇಡಬಾರದು, ಹಲಗೆ ಹಾಕಿ ಗೇಣು ಎತ್ತರ ಮಾಡಬೇಕು, ಗೋಡೆಯಿಂದಲೂ ಸ್ವಲ್ಪ ದೂರ ಇರಬೇಕು, ಇಲ್ಲದಿದ್ದರೆ ಒರಲೆ ಹತ್ತುತ್ತದೆ. ಪುಸ್ತಕದ ನಡುವೆ ನುಸಿ ಗುಳಿಗೆ ಅಥವಾ ಒಣಗಿದ ಬೇವಿನ ಎಲೆ. ಗ್ಯಾಸ್ ಸಿಲಿಂಡರ್, ಉಪ್ಪಿನಕಾಯಿ, ರೊಟ್ಟಿ ಗಂಟು ಒಳಗೆ ಬಿಡಲೇಬಾರದು, ಒಬ್ಬರ ಡಬ್ಬಿಗೆ ಬಂದ ಇಲಿ ಹತ್ತು ಜನರ ಪುಸ್ತಕ ಕಡಿಯುತ್ತದೆ. ಟ್ರಂಕಿನ ಮೇಲೆ ಹೆಸರು, ಊರು, ನಂಬರು ಬರೆದು, ಅದೇ ನಂಬರಿನ ಪಾವತಿ ಹುಡುಗಿಯ ಕೈಗೆ ಕೊಟ್ಟರೆ ಮುಗಿಯಿತು. ವಾರಕ್ಕೊಮ್ಮೆ ಯಾರಾದರೂ ಬಾಗಿಲು ತೆಗೆದು ಗಾಳಿ ಆಡಿಸಿ, ನೀರು ಬಂದಿದೆಯಾ ಅಂತ ನೋಡಬೇಕು. ಅದಕ್ಕೆ ನೂರು ರೂಪಾಯಿ ತಗೊಳ್ಳಲಿ, ಖುಷಿಯಿಂದ ಕೊಡುತ್ತೇವೆ.

ಹಾಸ್ಟೆಲ್ ಮಕ್ಕಳಷ್ಟೇ ಅಲ್ಲ. ಸಪ್ತಾಪುರದ ಕಡೆ ರೂಮ್ ಮಾಡಿಕೊಂಡಿರುವ ನಮ್ಮೂರ ಹುಡುಗನೊಬ್ಬ ಬರೀ ಸಾಮಾನು ಇಡಲಿಕ್ಕೆ ರಜೆಯಲ್ಲಿ ಎರಡು ತಿಂಗಳ ಬಾಡಿಗೆ ಕಟ್ಟಿದ್ದಾನೆ, ಅವನ ಅಪ್ಪ ಕೂಲಿ ಕೆಲಸದವರು. ಅಂಥವರಿಗೂ ಆ ಕೋಣೆಯಲ್ಲಿ ಜಾಗ ಸಿಗಲಿ, ಅವರೂ ಅದೇ ಕಾಲೇಜಿನ ಮಕ್ಕಳೇ.

ಕರ್ನಾಟಕ ಕಾಲೇಜು 1917ರಲ್ಲಿ ಶುರುವಾದಾಗಿನಿಂದ ದೂರದೂರದ ಹಳ್ಳಿಯ ಮಕ್ಕಳು ಓದಲಿಕ್ಕೆ ಧಾರವಾಡಕ್ಕೆ ಬರುತ್ತಿದ್ದಾರೆ. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ದೊಡ್ಡವರಾದವರು ನಮ್ಮ ಕಡೆ ಎಷ್ಟೋ ಜನ ಇದ್ದಾರೆ. ಅನ್ನ ಹಾಕಿದ ಊರಿಗೆ ಟ್ರಂಕು ಇಡಲು ಜಾಗ ಕೊಡೋದು ಭಾರವಾಗಲಾರದು ಅಂತ ನಂಬಿಕೊಂಡೇ ಈ ಕಾಗದ ಬರೆದಿದ್ದೇನೆ.

ಮಗಳು ಈ ವರ್ಷ ಮತ್ತೆ ಹಾಳೆಗಳನ್ನು ಮಾಡಿದ್ದಾಳೆ. ತುಂಬೆ ಗಿಡ ನಾನೇ ಬದುವಿನಿಂದ ಬೇರು ಸಮೇತ ಕಿತ್ತುಕೊಟ್ಟೆ. ಇನ್ನು ಕೆಲವೇ ದಿನಗಳಲ್ಲಿ ಪರೀಕ್ಷೆ ಮುಗಿಯುತ್ತದೆ. ಪ್ರಿನ್ಸಿಪಾಲರಿಗೆ, ವಾರ್ಡನ್ನರಿಗೆ ನನ್ನ ಕೋರಿಕೆ ಇಷ್ಟೇ: ರೂಮ್ ಖಾಲಿ ಮಾಡಿ ಅಂತ ನೋಟಿಸು ಹಚ್ಚುವಾಗ, ಸಾಮಾನು ಯಾವ ಕೋಣೆಯಲ್ಲಿ ಇಡಬೇಕು, ಕೀಲಿ ಯಾರ ಹತ್ತಿರ ಇರುತ್ತದೆ ಅನ್ನೋದನ್ನೂ ಅದರಲ್ಲೇ ಬರೆಯಿರಿ.

— ಒಬ್ಬ ರೈತ, ರೋಣ ತಾಲ್ಲೂಕು, ಗದಗ ಜಿಲ್ಲೆ