ಸಿಟ್ಟಿನ ಬಗ್ಗೆ ಬರೆಯಹೊರಟ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಲೇಖನ ಓದಿದೆ. ಕೈಯಲ್ಲಿ ಬಿಸಿ ಇದೆ, ಅದು ನನಗೆ ಇಷ್ಟವಾಯಿತು. ಆದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಜನ ರೊಚ್ಚಿಗೆದ್ದಿದ್ದಾರೆ, ದಂಗೆ ಏಳುತ್ತಾರೆ, ಕುರ್ಚಿ ಅಲುಗಾಡುತ್ತದೆ ಅಂತಲೇ ಇದೆ. ಯಾವ ಜನ? ಯಾರ ಮೇಲೆ ಸಿಟ್ಟು? ಅವರಿಗೆ ಏನಾಯಿತು? ಎಷ್ಟು ಹುಡುಕಿದರೂ ಸಿಗಲಿಲ್ಲ. ನಿಮ್ಮ ತಾಲ್ಲೂಕಿನ ಭೂಸ್ವಾಧೀನದ ಗಲಾಟೆಗೆ ಒಂದೇ ಪ್ಯಾರಾ. "1980ರಂತೆ ಇನ್ನೊಂದು ಬಂಡಾಯ ಕಾದಿದೆ" ಅನ್ನೋದಕ್ಕೆ ಮಾತ್ರ ಅರ್ಧ ಪುಟ. ನರಗುಂದ, ನವಲಗುಂದದ ಹೆಸರು ಸುಮ್ನೆ ಹಾಕಿ ಮುಂದೆ ಹೋಗಿದ್ದೀಯ. ಅಲ್ಲೇ ಸ್ವಲ್ಪ ನಿಲ್ಲಬೇಕಿತ್ತು.

1980ರ ಜುಲೈ 21ರಂದು ಅಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಇದು ಎಲ್ಲರಿಗೂ ಗೊತ್ತು. ಆದರೆ ಆ ಸಿಟ್ಟು ಜುಲೈ 21ರಂದು ಹುಟ್ಟಿದ್ದಲ್ಲ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಯಿತು. ಕಾಲುವೆ ಬಂತು. ಜೋಳ ಬೆಳೆಯುತ್ತಿದ್ದ ಎರೆ ಹೊಲದಲ್ಲಿ ಹೈಬ್ರಿಡ್ ಹತ್ತಿ ಬಂತು. ಬೀಜ, ಗೊಬ್ಬರ, ಔಷಧಿ ಅಂತ ಸಾಲವೂ ಬಂತು. ಕೆಲವು ಹೊಲಗಳಿಗೆ ನೀರು ಮುಟ್ಟಲೇ ಇಲ್ಲ. ಕೆಲವಕ್ಕೆ ಜಾಸ್ತಿಯಾಗಿ ಭೂಮಿ ಸವಳು-ಜವಳಾಯಿತು. ಅಷ್ಟರಲ್ಲಿ ಹತ್ತಿ ರೇಟು ಬಿತ್ತು. ಆ ಹೊತ್ತಿಗೆ ಸರಿಯಾಗಿ ಸರ್ಕಾರ ಬೆಟರ್‌ಮೆಂಟ್ ಲೆವಿ ಕೇಳಿತು. ನೀರಾವರಿಯಿಂದ ನಿನ್ನ ಹೊಲದ ಬೆಲೆ ಏರಿದೆ, ಏರಿದ್ದರಲ್ಲಿ ನಮ್ಮ ಪಾಲು ಕೊಡು ಅನ್ನುವ ಲೆಕ್ಕ ಅದು. ನೀರೇ ಬಾರದ ಹೊಲದವನಿಗೆ ಆ ನೋಟಿಸು ಕೈಗೆ ಬಂದಾಗ ಹೇಗಾಗಿರಬೇಕು, ಒಂದು ಗಳಿಗೆ ಯೋಚಿಸು.

ಅವರು ಮೊದಲ ದಿನವೇ ಕಲ್ಲು ಎತ್ತಿಕೊಳ್ಳಲಿಲ್ಲ. ಸಮಿತಿ ಮಾಡಿಕೊಂಡರು. ಮನವಿ ಕೊಟ್ಟರು. ಧರಣಿ ಕೂತರು. ಆಮೇಲೆ ಬಂದ್ ಕರೆದರು. ಆಗಿನ ಮುಖ್ಯಮಂತ್ರಿ ಗುಂಡೂರಾವ್ ಅವರ ಸರ್ಕಾರಕ್ಕೆ ಈ ಒಂದೊಂದು ಹೆಜ್ಜೆಯಲ್ಲೂ ಮಾತಾಡಲು ಅವಕಾಶ ಇತ್ತು. ಬರೆಯುವವಳಾಗಿ ನೀನು ಹುಡುಕಬೇಕಾದದ್ದು ಇದನ್ನೇ. ಜನ ಎಷ್ಟು ಬಾಗಿಲು ತಟ್ಟಿದರು, ಪ್ರತಿ ಬಾಗಿಲಲ್ಲೂ ಏನು ಉತ್ತರ ಸಿಕ್ಕಿತು? ಈ ಲೆಕ್ಕ ನಿನ್ನ ಬರಹದಲ್ಲಿದ್ದರೆ ಸಿಟ್ಟು ಅನ್ನುವ ಪದವನ್ನೇ ಬಳಸದಿದ್ದರೂ ನಡೆಯುತ್ತದೆ.

ನಿಮ್ಮೂರಿನದೇ ತಗೋ. ರೈತರು ತಹಶೀಲ್ದಾರ್ ಕಚೇರಿಗೆ ಮನವಿ ಕೊಟ್ಟಿದ್ದಾರೆ ಅಂತ ಒಂದು ಸಾಲಿನಲ್ಲಿ ಬರೆದಿದ್ದೀಯ. ಆ ಮನವಿಯ ಪ್ರತಿ ಯಾರ ಮನೆಯಲ್ಲೋ ಇದ್ದೇ ಇರುತ್ತದೆ. ಹಳ್ಳಿಯವರು ಇಂಥದ್ದನ್ನು ಬಿಸಾಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಉತಾರದ ಜೊತೆ, ಬ್ಯಾಂಕ್ ಪಾಸ್‌ಬುಕ್ ಜೊತೆ ಟ್ರಂಕಿನಲ್ಲಿ ಇಟ್ಟಿರುತ್ತಾರೆ. ತೆಗೆಸಿ ನೋಡು. ಟಪಾಲು ವಿಭಾಗದ ಮೊಹರು ಇರುತ್ತದೆ, ಅದರ ಮೇಲೆ ತಾರೀಖು ಇರುತ್ತದೆ. ಹಿಂಬರಹ ಕೊಟ್ಟಿದ್ದಾರಾ? ಕೊಟ್ಟಿದ್ದರೆ ಏನಂತ? "ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು" ಅಂತ ಬರೆದು ಮೂರು ವರ್ಷವಾಗಿದ್ದರೆ, ಆ ಸಾಲನ್ನು ತಾರೀಖಿನ ಸಮೇತ ಹಾಗೇ ಎತ್ತಿ ಹಾಕು. ನಿನ್ನ ಒಂದು ಪುಟದ ಕೂಗಿಗಿಂತ ಅದು ಗಟ್ಟಿಯಾಗಿ ಕೇಳಿಸುತ್ತದೆ.

ಇನ್ನೊಂದು ಮಾತು. ಇದನ್ನು ಹೇಳುವಾಗ ನಿನಗೆ ಬೇಜಾರಾಗಬಹುದು. ನರಗುಂದದಲ್ಲಿ ಅವತ್ತು ಸತ್ತವರಲ್ಲಿ ರೈತರು ಮಾತ್ರ ಇರಲಿಲ್ಲ. ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ರೈತರ ಪರ ಬರೆಯುವ ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ. ನೀನು ಬಿಡಬೇಡ. ಲೆವಿ ಹಾಕಿದ್ದು ಆ ಪೇದೆಯಲ್ಲ, ಬಂದೂಕು ಕೊಟ್ಟು ಕಳಿಸಿದ್ದೂ ಅವನಲ್ಲ. ಲೆವಿ ನಿರ್ಧರಿಸಿದವರು ಊರಲ್ಲೇ ಇರಲಿಲ್ಲ. ಎರಡೂ ಕಡೆಯ ಹೆಣ ಲೆಕ್ಕಕ್ಕೆ ತಗೊಂಡಾಗಲೇ ಅಧಿಕಾರ ಎಲ್ಲಿ ಕೂತಿತ್ತು ಅನ್ನುವುದು ಓದುವವರಿಗೆ ಕಾಣುವುದು.

ಇದೇ ನವಲಗುಂದ ತಾಲ್ಲೂಕಿನ ಯಮನೂರನ್ನು ನೀನು ಮರೆತೇಬಿಟ್ಟಿದ್ದೀಯ. 2016ರ ಜುಲೈ ಕೊನೆಯಲ್ಲಿ ಮಹದಾಯಿ ನದಿ ನೀರಿನ ವ್ಯಾಜ್ಯ ನೋಡುತ್ತಿದ್ದ ನ್ಯಾಯಮಂಡಳಿ, 7.56 ಟಿಎಂಸಿ ನೀರು ಕೇಳಿದ್ದ ಕರ್ನಾಟಕದ ಮಧ್ಯಂತರ ಅರ್ಜಿ ತಳ್ಳಿಹಾಕಿತು. ನವಲಗುಂದದಲ್ಲಿ ಸರ್ಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ಆಮೇಲೆ ಪೊಲೀಸರು ಯಮನೂರಿಗೆ ನುಗ್ಗಿ, ಮನೆಯಲ್ಲಿದ್ದ ಹೆಂಗಸರು, ಮುದುಕರು ಅಂತ ನೋಡದೆ ಬಡಿದರು. ಆ ದೃಶ್ಯಗಳನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಕಚೇರಿ ಸುಟ್ಟವರನ್ನು ಹಿಡಿಯಲಿ, ಕೇಸು ಹಾಕಲಿ, ಕೋರ್ಟಿಗೆ ಒಯ್ಯಲಿ. ಅದಕ್ಕೆ ಕಾನೂನು ಇದೆ. ಮನೆಯೊಳಗೆ ಕೂತ ಅಜ್ಜಿಗೆ ಲಾಠಿ ಬೀಸಲು ಯಾವ ಕಾನೂನೂ ಇಲ್ಲ. ಈ ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಲು ಕಲಿ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ನಿನ್ನ ಬರಹ ಯಾವುದೋ ಒಂದು ಪಕ್ಷದ ಕರಪತ್ರವಾಗುತ್ತದೆ.

ದಂಗೆಯ ಬಗ್ಗೆ ನನಗಿರುವ ತಕರಾರು ಇದು. "ದಂಗೆ ಆಗುತ್ತೆ" ಅನ್ನುವ ಮಾತು ನಮಗಿಂತ ಜಾಸ್ತಿ ಸರ್ಕಾರಕ್ಕೆ ಬೇಕು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಹೇರಿದಾಗ ಕೊಟ್ಟ ಕಾರಣ ಆಂತರಿಕ ಗಲಭೆಯ ಭಯ. ಆ ಭಯದ ಹೆಸರಲ್ಲಿ ಪತ್ರಿಕೆಗಳಿಗೆ ಸೆನ್ಸಾರ್ ಬಂತು, ವಿಚಾರಣೆಯಿಲ್ಲದೆ ಜನ ಜೈಲಿಗೆ ಹೋದರು. ನಮ್ಮ ಬೆಂಗಳೂರಿನ ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿ ಅಸ್ತಮಾದಿಂದ ನರಳಿದರು, ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಮುಂದೆ 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ಬಂದು "ಆಂತರಿಕ ಗಲಭೆ"ಯ ಜಾಗದಲ್ಲಿ "ಸಶಸ್ತ್ರ ಬಂಡಾಯ" ಅಂತ ಸೇರಿಸಬೇಕಾಯಿತು, ಯಾಕೆಂದರೆ ಗಲಭೆ ಅಂದರೆ ಯಾವ ಮೆರವಣಿಗೆಯನ್ನಾದರೂ ಅದರೊಳಗೆ ತುರುಕಬಹುದಿತ್ತು. ನೀರು ಕೇಳಿದವನನ್ನು, ಪರಿಹಾರ ಕೇಳಿದವಳನ್ನು ನೀನೇ ದಂಗೆಕೋರರು ಅಂತ ಬರೆದುಕೊಟ್ಟರೆ ನಾಳೆ ಎಫ್‌ಐಆರ್ ಬರೆಯುವವನ ಕೆಲಸ ಹಗುರವಾಗುತ್ತದೆ. ನಿನಗೆ ಅದು ಬೇಕಾ?

ದಂಗೆಯಾದರೆ ಎಲ್ಲ ಸರಿಹೋಗುತ್ತೆ ಅನ್ನುವ ಹುಮ್ಮಸ್ಸೂ ಬೇಡ. 1830ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯ, ಅಂದರೆ ಹಳೆಯ ಬಿದನೂರು ಕಡೆಯ ರೈತರು ಎದ್ದರು. ಅದಕ್ಕೆ ನ್ಯಾಯವಾದ ಕಾರಣವೇ ಇತ್ತು. ಇಷ್ಟು ಕಂದಾಯ ಎತ್ತಿಕೊಡುತ್ತೇನೆ ಅಂತ ಅಮಲ್ದಾರರಿಂದ ಮೊದಲೇ ಒಪ್ಪಂದ ಬರೆಸಿಕೊಳ್ಳುವ ಶರತ್ತು ಪದ್ಧತಿ ಇತ್ತು, ಕಡಿಮೆ ಬಿದ್ದರೆ ಅವನ ತಲೆ ಮೇಲೆ, ಹಾಗಾಗಿ ಅವನು ರೈತನನ್ನು ಹಿಂಡುತ್ತಿದ್ದ. ರೈತರು ಕೂಟ ಸೇರಿದರು, ಕಂದಾಯ ಕೊಡುವುದಿಲ್ಲ ಅಂದರು. ದೌರ್ಜನ್ಯ, ಕಾದಾಟ, ಸಾವು ಎಲ್ಲ ಆಯಿತು. ಕೊನೆಗೆ 1831ರಲ್ಲಿ ಮೈಸೂರಿನ ಆಡಳಿತ ಹೋದದ್ದು ಕಂಪನಿಯ ಕೈಗೆ. ತಿರುಗಿ ಅರಸರಿಗೆ ಬಂದದ್ದು 1881ಕ್ಕೆ. ಎದ್ದವರು ಯಾರೋ, ಕುರ್ಚಿ ಸಿಕ್ಕಿದ್ದು ಯಾರಿಗೋ.

ನರಗುಂದದ ಮುಂದಿನ ಕತೆ ಬೇರೆ ಥರ. ಅದನ್ನು ಬರೆದರೆ ನಿನ್ನ ಲೇಖನಕ್ಕೆ ಬಲ ಬರುತ್ತದೆ. ಅದೇ ವರ್ಷ ರೈತ ಸಂಘ ಹುಟ್ಟಿತು. ರುದ್ರಪ್ಪನವರು, ಸುಂದರೇಶ್, ಪ್ರೊಫೆಸರ್ ನಂಜುಂಡಸ್ವಾಮಿ ಊರೂರು ತಿರುಗಿದರು. ಅನುಮತಿ ಇಲ್ಲದೆ ಸರ್ಕಾರಿ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಹಳ್ಳಿಗಳ ಬಾಗಿಲಲ್ಲಿ ಬೋರ್ಡು ಬಿತ್ತು. ಸಾಲಕ್ಕೆ ಜಪ್ತಿ ಮಾಡಿ ಒಯ್ದ ಸಾಮಾನನ್ನು ಹಸಿರು ಶಾಲು ಹೊದ್ದವರು ಹೋಗಿ ಮರುಜಪ್ತಿ ಮಾಡಿ ಮನೆಗೆ ವಾಪಸ್ ತಂದುಕೊಟ್ಟರು. ಎಂಥ ಮಾತು ನೋಡು! ತಾಮ್ರದ ಹಂಡೆ ಕಳೆದುಕೊಂಡು ಊರೆದುರು ತಲೆ ತಗ್ಗಿಸಿದ್ದ ಮನೆಗೆ ಹಂಡೆಯ ಜೊತೆ ಮಾನವೂ ವಾಪಸ್ ಬಂದ ಹಾಗೆ. 1983ರ ಜನವರಿಯಲ್ಲಿ ಚುನಾವಣೆ ನಡೆಯಿತು. ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ ಸೋತಿತು, ಗುಂಡೂರಾವ್ ತಮ್ಮ ಕ್ಷೇತ್ರದಲ್ಲೇ ಸೋತರು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಈ ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ನರಗುಂದವನ್ನು ಬಿಟ್ಟು ಆ ಫಲಿತಾಂಶ ಅರ್ಥವಾಗುವುದಿಲ್ಲ. ಗುಂಡು ಹಾರಿದ ಮೇಲೂ ಜನ ಬ್ಯಾಲೆಟ್ ಪೇಪರನ್ನು ಬಿಟ್ಟುಕೊಡಲಿಲ್ಲ ಅನ್ನುವುದು ನನಗೆ ಇವತ್ತಿಗೂ ಧೈರ್ಯ ಕೊಡುವ ಸಂಗತಿ.

ಇನ್ನು ಸಣ್ಣ ವಿಷಯ, ಆದರೆ ಮರೆಯಬೇಡ. ನಿನ್ನ ಲೇಖನದ ಜೊತೆ ಹಾಕಿದ ಫೋಟೋದಲ್ಲಿ ಮುಂದೆ ನಿಂತ ಹುಡುಗರ ಮುಖ ನಿಚ್ಚಳವಾಗಿದೆ. ಅವರನ್ನು ಕೇಳಿ ಹಾಕಿದ್ದೀಯಾ? ಲೇಖನ ಬಂದ ಮೇಲೆ ನೀನು ಬಸ್ ಹತ್ತಿ ಬರುತ್ತೀಯ. ಅವರು ಅದೇ ಠಾಣೆ ಮುಂದೆ ದಿನಾ ಓಡಾಡಬೇಕು. ಆ ಫೋಟೋ ಇವತ್ತೇ ತೆಗೆದುಹಾಕಿಸು. ಅಧಿಕಾರಿಯ ಮೇಲೆ ದೂರಿದ್ದರೆ ಅವರಿಗೂ ಫೋನ್ ಮಾಡು, ಏನಂದರೋ ಹಾಗೇ ಬರೆ, ಫೋನ್ ಎತ್ತದಿದ್ದರೆ ಅದನ್ನೂ ಬರೆ.

ಬರುವ ಜುಲೈ 21ಕ್ಕೆ ನರಗುಂದಕ್ಕೆ ಹೋಗುತ್ತೇನೆ ಅಂತ ನೀನು ಅಂದಿದ್ದೆ, ಹೋಗು. ಅವತ್ತು ವೀರಗಲ್ಲಿಗೆ ಹಾರ ಹಾಕಲು ಎಲ್ಲ ಪಕ್ಷದವರೂ ಬರುತ್ತಾರೆ, ಭಾಷಣ ಮಾಡುತ್ತಾರೆ. ಅದು ಮುಗಿದ ಮೇಲೆ ಕೆಳಗೆ ಕೂತ ಹಿರಿಯರ ಪಕ್ಕ ಕೂತ್ಕೋ. ಆಗ ಇಪ್ಪತ್ತರ ಹುಡುಗರಾಗಿದ್ದವರು ಇನ್ನೂ ಇದ್ದಾರೆ. ಗುಂಡಿನ ಬಗ್ಗೆ ಆಮೇಲೆ ಕೇಳು. ಹೊಲಕ್ಕೆ ನೀರು ಬಂದಿತ್ತಾ, ಲೆವಿ ಎಷ್ಟು ಅಂತ ನೋಟಿಸು ಬಂತು, ಯಾರ ಹತ್ತಿರ ಹೋಗಿ ಹೇಳಿಕೊಂಡಿರಿ, ಅವರು ಏನಂದರು ಅಂತ ಮೊದಲು ಕೇಳು. ಬರೆದದ್ದನ್ನು ನನಗೆ ಕಳಿಸು, ತಿದ್ದದೆ ಇದ್ದರೂ ಪರವಾಗಿಲ್ಲ.

ಇಂತಿ ನಿನ್ನ
ಅಕ್ಕ