ನಾಕೌಟ್ ಎಣಿಸಿ ಗೆಲುವು ಹೇಳಲಾಗದು

ಮಾನ್ಯ ಸಂಪಾದಕರೇ,

ತೋರಣಗಲ್ಲು ಬಳಿಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಬಾಕ್ಸಿಂಗ್ ತರಬೇತಿ ಇರುವುದರಿಂದ, ಬಳ್ಳಾರಿ ಸುತ್ತಮುತ್ತ ಈ ಆಟವನ್ನು ಕಣ್ಣಿಟ್ಟು ನೋಡುವ ಹುಡುಗರಿದ್ದಾರೆ. ಸೂಪರ್ ಮಿಡಲ್‌ವೇಟ್ (76.2 ಕಿಲೋ ಮಿತಿ) ವಿಭಾಗದ ವೃತ್ತಿಪರ ಬಾಕ್ಸರ್‌ಗಳಾದ ಹಮ್ಜಾ ಶೀರಾಜ್ ಮತ್ತು ಕ್ರಿಶ್ಚಿಯನ್ ಎಂಬಿಲ್ಲಿ ಎದುರಾದರೆ ಗೆಲ್ಲುವವರು ಯಾರು ಎಂದು ಕೇಳಿದರೆ ಹೆಚ್ಚಿನವರು ನಾಕೌಟ್ ಎಣಿಸಿ ತೀರ್ಪು ಕೊಡುತ್ತಾರೆ. ಕುಸ್ತಿಯಲ್ಲಿ ಪಟ್ಟು ಯಾರದೆಂದು ನೋಡುತ್ತೇವಲ್ಲ, ಹಾಗೆಯೇ ಇಲ್ಲಿ ಇಬ್ಬರ ನಡುವಿನ ಅಂತರ ಯಾರ ಹಿಡಿತದಲ್ಲಿದೆ ಎಂದು ನೋಡಬೇಕು.

ಶೀರಾಜ್ ಆರಡಿ ಮೂರಿಂಚು, ಎಂಬಿಲ್ಲಿ ಐದಡಿ ಒಂಬತ್ತರ ಆಸುಪಾಸು. ಇಬ್ಬರೂ ಎಡಗಾಲು ಮುಂದಿಟ್ಟು ನಿಲ್ಲುವವರು. ಶೀರಾಜ್‌ನ ಉದ್ದ ತೋಳಿನ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ದಾಟದೆ ಎಂಬಿಲ್ಲಿಗೆ ಕೆಲಸವಿಲ್ಲ. ದಾಟುವ ದಾರಿ ಹೀಗೆ: ತಲೆಯನ್ನು ತನ್ನ ಬಲಕ್ಕೆ, ಜ್ಯಾಬ್‌ನ ಹೊರಮಗ್ಗುಲಿಗೆ ಸರಿಸಬೇಕು, ಅದೇ ಕ್ಷಣ ಎಡಗಾಲನ್ನು ಒಳಗೆ ಹಾಕಿ ಬಲಗೈಯಿಂದ ಎದೆಗೆ ಹೊಡೆಯಬೇಕು, ಬೆನ್ನಿಗೇ ಎಡಗೈ ಹುಕ್ (ಮಡಚಿದ ತೋಳಿನ ಅಡ್ಡ ಗುದ್ದು) ಎದುರಾಳಿಯ ಬಲ ಪಕ್ಕೆಗೆ, ಯಕೃತ್ತಿನ ಮೇಲೆ. ತಲೆ ಸರಿಸದೆ ನೇರ ನುಗ್ಗಿದರೆ ಕೆಳಗಿನಿಂದ ಬರುವ ಅಪ್ಪರ್‌ಕಟ್‌ಗೆ ಗದ್ದ ಸಿಗುತ್ತದೆ. ಎಂಬಿಲ್ಲಿಯ ದೋಷವೇ ಇದು. ಹೊಡೆತ ಹೆಚ್ಚಿದಂತೆ ಅವನ ತಲೆ ಒಂದೇ ಗೆರೆಯಲ್ಲಿ ನಿಂತುಬಿಡುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಲೆಸ್ಟರ್ ಮಾರ್ಟಿನೆಜ್ ಜೊತೆಗಿನ ಹತ್ತು ಸುತ್ತಿನ ಕಾಳಗ ಸಮವಾದದ್ದು, ಎದುರಾಳಿ ಹಿಂದೆ ಸರಿಯದೆ ನಿಂತು ತಿರುಗಿ ಹೊಡೆದದ್ದರಿಂದ.

ಶೀರಾಜ್‌ನ ದೋಷ ಬೇರೆ. ಒತ್ತಡ ಬಂದಾಗ ಅಡ್ಡಕ್ಕೆ ತಿರುಗದೆ ನೆಟ್ಟಗೆ ಹಿಂದೆ ನಡೆದು ಹಗ್ಗಕ್ಕೆ ಬೆನ್ನು ಕೊಡುತ್ತಾನೆ. 2025ರ ಫೆಬ್ರವರಿಯಲ್ಲಿ ರಿಯಾದ್‌ನಲ್ಲಿ ಕಾರ್ಲೋಸ್ ಆಡಾಮೆಸ್ ಎದುರು ಇದೇ ಆಗಿ ಪಂದ್ಯ ಸಮವಾಯಿತು. ಆದರೆ ಅದು 72.6 ಕಿಲೋ ಮಿತಿಯ ಮಿಡಲ್‌ವೇಟ್. ಅಷ್ಟು ಎತ್ತರದ ಮೈಯನ್ನು ಅಲ್ಲಿಗೆ ಇಳಿಸಿದರೆ ಕಾಲು ಮೊದಲು ಸೋಲುತ್ತದೆ. ಜುಲೈನಲ್ಲಿ 76.2 ಕಿಲೋ ಮಿತಿಗೆ ಬಂದು ಎಡ್ಗರ್ ಬರ್ಲಾಂಗಾನನ್ನು ಐದನೇ ಸುತ್ತಿನಲ್ಲಿ ಮುಗಿಸಿದಾಗ ಅವನ ಪಾದ ನೆಲದಲ್ಲಿ ಗಟ್ಟಿಯಾಗಿ ಊರಿ ನಿಂತಿತ್ತು. ನಮ್ಮ ಲೆಕ್ಕದಲ್ಲಿ ಈ ಮೂರೂವರೆ ಕಿಲೋ ಯಾವ ನಾಕೌಟ್ ದಾಖಲೆಗಿಂತಲೂ ದೊಡ್ಡದು.

ಇಲ್ಲಿ ಹುಡುಗರಿಗೆ ಒಂದು ಮಾತು ಹೇಳಲೇಬೇಕು. ವೃತ್ತಿಪರರು ತೂಕ ಕೊಡುವುದು ಪಂದ್ಯದ ಹಿಂದಿನ ದಿನ. ಕಳೆದುಕೊಂಡ ನೀರು, ಉಪ್ಪು ತುಂಬಿಕೊಳ್ಳಲು ಒಂದು ದಿನವಾದರೂ ಸಿಗುತ್ತದೆ. ಹವ್ಯಾಸಿ ಕೂಟದಲ್ಲಿ ತೂಕ ಪಂದ್ಯದ ದಿನ ಬೆಳಿಗ್ಗೆಯೇ. ನಲವತ್ತು ಡಿಗ್ರಿ ದಾಟುವ ಬಳ್ಳಾರಿ ಬಿಸಿಲಿನಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಓಡಿ ನೀರು ಇಳಿಸುವುದು ಪ್ರಾಣಕ್ಕೇ ಅಪಾಯ. ದಯವಿಟ್ಟು ಅದನ್ನು ಅನುಕರಿಸಬೇಡಿ. ಪಕ್ಕೆಗೆ ಹೊಡೆದು ನಿಧಾನವಾಗಿ ದಣಿಸುವ ತಂತ್ರವೂ ಹನ್ನೆರಡು ಸುತ್ತಿಗೆ ಹೊಂದುವಂಥದ್ದು. ಮೂರು ಸುತ್ತಿನ ಹವ್ಯಾಸಿ ಪಂದ್ಯದಲ್ಲಿ ಅದರ ಫಲ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಇವರಿಬ್ಬರ ಪಂದ್ಯ ಹನ್ನೆರಡು ಸುತ್ತಿನದಾದರೆ ನಮ್ಮ ಮುನ್ನೋಟ ಇದು: ಮೊದಲ ನಾಲ್ಕು ಸುತ್ತು ಜ್ಯಾಬ್ ಬಲದಿಂದ ಶೀರಾಜ್‌ಗೆ. ಐದರಿಂದ ಒಂಬತ್ತು, ಪಕ್ಕೆಯ ಹೊಡೆತ ಕೆಲಸ ಮಾಡುವ ಹೊತ್ತು, ಎಂಬಿಲ್ಲಿಗೆ. ಕೊನೆಯ ಮೂರರಲ್ಲಿ ಎಂಬಿಲ್ಲಿಯ ಕೈ ತಗ್ಗುತ್ತದೆ, ಅಪ್ಪರ್‌ಕಟ್‌ಗೆ ದಾರಿಯಾಗುತ್ತದೆ; ಅವೂ ಶೀರಾಜ್‌ಗೇ. ಗೆದ್ದ ಸುತ್ತಿಗೆ 10, ಸೋತದ್ದಕ್ಕೆ 9 ಎಂದು ಕೂಡಿಸಿದರೆ 115-113, ಗೆಲುವು ಶೀರಾಜ್‌ಗೆ. ಆದರೆ ಅವನ ಪಾಲಿನ ಈ ಏಳರಲ್ಲಿ ಒಂದು ಸುತ್ತಿನಲ್ಲಿ ಶೀರಾಜ್ ನೆಲಕ್ಕೆ ಬಿದ್ದು ಅದು 10-8 ಆಗಿ ಕೈತಪ್ಪಿದರೆ, ಅಂಕಪಟ್ಟಿ 114-113 ಆಗಿ ಎಂಬಿಲ್ಲಿಯ ಕಡೆ ತಿರುಗುತ್ತದೆ. ಮುನ್ನೋಟ ಪ್ರಕಟಿಸುವಾಗ ಎತ್ತರ, ನಿಲುವು, ಹಿಂದಿನ ತೂಕ ವಿಭಾಗ, ಸುತ್ತುಗಳ ಸಂಖ್ಯೆ ಇವಿಷ್ಟನ್ನು ಕ್ರೀಡಾ ಪುಟದಲ್ಲಿ ಕೊಡಿ ಎಂದು ಕೋರುತ್ತೇವೆ.

– ಬಾಕ್ಸಿಂಗ್ ಆಸಕ್ತರು, ಕೌಲ್ ಬಜಾರ್, ಬಳ್ಳಾರಿ