ಸ್ಕ್ಯಾನರ್ ತರುವ ಮೊದಲು ಪಟ್ಟಿ ಬರೆಯಲಿ

ಮಾನ್ಯ ಸಂಪಾದಕರೇ,

2030ರ ಸೆಪ್ಟೆಂಬರ್ 10ಕ್ಕೆ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಐವತ್ತು ತುಂಬುತ್ತದೆ. ಸ್ಮರಣ ಸಂಚಿಕೆ, ಚಿತ್ರ ಪ್ರದರ್ಶನ, ಸಾಕ್ಷ್ಯಚಿತ್ರ ಎಲ್ಲವೂ ಆಗ ಬೇಕಾಗುತ್ತವೆ. ಇಂಥ ಹಬ್ಬಗಳಿಗೆ ಶಿಕ್ಷಣ ಸಂಸ್ಥೆಗಳು ಸಾಮಾನ್ಯವಾಗಿ ತಯಾರಾಗುವ ರೀತಿ ಎಲ್ಲರಿಗೂ ಗೊತ್ತು. ಮೂರು ತಿಂಗಳಿರುವಾಗ ಒಂದು ಸಮಿತಿ, ಪುಟಕ್ಕಿಷ್ಟು ಎಂಬ ದರಕ್ಕೆ ಒಂದು ಏಜೆನ್ಸಿ, ಕೊನೆಗೆ ಕೈಗೆ ಬರುವುದು ಒಂದು ಹಾರ್ಡ್ ಡಿಸ್ಕ್. ತೆರೆದರೆ ಸಾವಿರಾರು ಪಿಡಿಎಫ್ ಕಡತಗಳು, ಎಲ್ಲಕ್ಕೂ ‘ಸ್ಕ್ಯಾನ್ 001’ ಮಾದರಿಯ ಹೆಸರು. ಯಾವುದು ಯಾವ ವಿಭಾಗದ ಕಪಾಟಿನಿಂದ ಬಂತೆಂದು ಹೇಳುವವರಿಲ್ಲ. ಅಷ್ಟರಲ್ಲಿ ಮೂಲ ಕಾಗದ ಗುಜರಿ ಸೇರಿರುತ್ತದೆ.

ಹಾಗಾಗದಿರಲು ಕೆಲಸದ ಕ್ರಮ ತಿರುವುಮುರುವಾಗಬೇಕು. ಮೊದಲು ಹಳೆಯ ದಾಖಲೆಗಳ ಪಟ್ಟಿ, ಆಮೇಲೆ ಜಾಗ ಮತ್ತು ಪೆಟ್ಟಿಗೆ, ಕೊನೆಗೆ ಸ್ಕ್ಯಾನರ್.

ಪಟ್ಟಿ ಏಕೆ ಮೊದಲು ಎನ್ನುವುದಕ್ಕೆ ನಮ್ಮ ಜಿಲ್ಲೆಗಳ ಚರಿತ್ರೆಯೇ ಕಾರಣ. 1956ರ ತನಕ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. 1880ರ ಸಂತ ಅಲೋಶಿಯಸ್ ಕಾಲೇಜಿನಿಂದ ಹಿಡಿದು 1949ರ ಉಡುಪಿಯ ಎಂಜಿಎಂ ಕಾಲೇಜಿನವರೆಗೆ ಇಲ್ಲಿಯ ಹಳೆಯ ಕಾಲೇಜುಗಳಿಗೆ ಮದ್ರಾಸ್ ವಿಶ್ವವಿದ್ಯಾನಿಲಯದ ನಂಟಿತ್ತು, ಆಮೇಲೆ ಮೈಸೂರಿನದು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. ಆ ಕೇಂದ್ರವೇ 1980ರಲ್ಲಿ ಪ್ರೊ. ಬಿ. ಶೇಖ್ ಅಲಿ ಅವರು ಮೊದಲ ಕುಲಪತಿಯಾಗಿದ್ದ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಈಚೆಗೆ ಕೊಡಗಿಗೂ ತನ್ನದೇ ವಿಶ್ವವಿದ್ಯಾನಿಲಯ ಬಂದಿದೆ. ಹೀಗೆ ಒಂದೇ ಕಾಲೇಜಿನ ಸಂಯೋಜನೆಯ ಕಾಗದಗಳನ್ನು ಚೆನ್ನೈ, ಮೈಸೂರು, ಮಂಗಳೂರು ವಿಶ್ವವಿದ್ಯಾನಿಲಯದ ಆವರಣವಿರುವ ಕೊಣಾಜೆ ಮೂರು ಕಡೆಯೂ ಹುಡುಕಬೇಕು. ಕೊಣಾಜೆಯ ಕಪಾಟುಗಳನ್ನಷ್ಟೇ ಸ್ಕ್ಯಾನ್ ಮಾಡಿದರೆ 1980ಕ್ಕಿಂತ ಹಿಂದಿನ ಹನ್ನೆರಡು ವರ್ಷಗಳ ಕಥೆಗೆ ತಲೆಯೇ ಇರುವುದಿಲ್ಲ. ಎಲ್ಲಿ ಏನಿದೆ ಎಂಬ ಪಟ್ಟಿ ಕೈಯಲ್ಲಿದ್ದರೆ ಮೈಸೂರಿಗೋ ಚೆನ್ನೈಗೋ ಪತ್ರ ಬರೆದು, ಮೂಲವನ್ನು ಅಲ್ಲೇ ಬಿಟ್ಟು, ಪ್ರತಿಯನ್ನು ತರಿಸಬಹುದು. ಕೊಡಗಿನ ಕಾಲೇಜುಗಳ ಕಡತಗಳ ವಿಷಯದಲ್ಲೂ ಇದೇ ದಾರಿ: ಮೂಲ ಎಲ್ಲಿ ಹುಟ್ಟಿತೋ ಅಲ್ಲಿರಲಿ, ಪ್ರತಿ ಎರಡೂ ಕಡೆ ಇರಲಿ.

ಪಟ್ಟಿ ಮಾಡುವವರು ಕಡತದೊಳಗಿನ ಹಾಳೆ ಎಣಿಸಲು ಹೊರಡಬಾರದು. ಮೊದಲ ಸುತ್ತಿನಲ್ಲಿ ಒಂದು ಕಪಾಟಿಗೆ, ಒಂದು ಕಟ್ಟಿಗೆ ಒಂದು ಸಾಲು ಸಾಕು. ಯಾವ ಕೋಣೆ, ಯಾವ ಕಪಾಟು, ಯಾವ ಶಾಖೆಯ ಕಡತ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಷ್ಟು ಅಡಿ ಉದ್ದ, ಸ್ಥಿತಿ ಹೇಗಿದೆ ಎಂಬ ಆರು ವಿವರ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ವಿಷಯವಾರು ವಿಂಗಡಣೆ. ಒಳ್ಳೆಯ ಮನಸ್ಸಿನಿಂದಲೇ ಯಾರೋ ‘ಘಟಿಕೋತ್ಸವ’ದ ಕಾಗದವನ್ನೆಲ್ಲ ಒಂದು ರಾಶಿ, ‘ಕಟ್ಟಡ’ದ್ದು ಇನ್ನೊಂದು ರಾಶಿ ಮಾಡುತ್ತಾರೆ. ಕುಲಸಚಿವರ ಕಡತದಲ್ಲಿದ್ದ ಪತ್ರ, ಎಂಜಿನಿಯರಿಂಗ್ ಶಾಖೆಯ ಕಡತದಲ್ಲಿದ್ದ ಅದರ ಉತ್ತರ, ಹಣಕಾಸು ಅಧಿಕಾರಿಯ ಟಿಪ್ಪಣಿ ಮೂರೂ ಬೆರೆತ ಮೇಲೆ ನಿರ್ಧಾರ ಯಾರ ಮೇಜಿನಲ್ಲಿ ಆಯಿತೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಕಟ್ಟು ಬಿಚ್ಚಿದ ಕ್ರಮದಲ್ಲೇ ಮತ್ತೆ ಕಟ್ಟಬೇಕು. ವಿಷಯಸೂಚಿಯನ್ನು ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಮಾಡಬಹುದು.

ಇದು ಇಷ್ಟವಿದ್ದರೆ ಮಾಡುವ ಕೆಲಸವೂ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಎ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರ ತನ್ನ ದಾಖಲೆಗಳಿಗೆ ಪಟ್ಟಿ, ಸೂಚಿ ಇಟ್ಟುಕೊಳ್ಳಲೇಬೇಕು.

ಇನ್ನು ನಮ್ಮ ಮಳೆ. ಗಾಳಿಯ ತೇವಾಂಶ ಶೇ 65 ದಾಟಿದರೆ ಕಾಗದಕ್ಕೆ ಬೂಷ್ಟು ಹಿಡಿಯಲು ಶುರು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕರಾವಳಿಯ ಮುಚ್ಚಿದ ಕೋಣೆಯಲ್ಲಿ ಅದಕ್ಕಿಂತ ಬಹಳ ಮೇಲೆಯೇ ಇರುತ್ತದೆ. ದಾಖಲೆ ಕೋಣೆಗೆ ಏಸಿ ಹಾಕಿಸಿ, ಸಂಜೆ ಐದಕ್ಕೆ ಆಫೀಸಿನ ಜೊತೆ ಅದನ್ನೂ ಆರಿಸಿ ಹೋಗುವ ಪದ್ಧತಿ ಅನೇಕ ಕಡೆ ಇದೆ. ಏಸಿಯೇ ಇಲ್ಲದಿದ್ದರೂ ಇಷ್ಟು ಹಾನಿಯಾಗದು. ತಣ್ಣಗಾದ ಗೋಡೆ, ಕಬ್ಬಿಣದ ಕಪಾಟಿನ ಮೇಲೆ ರಾತ್ರಿಯ ಹಸಿ ಗಾಳಿ ನೀರಾಗಿ ಕೂರುತ್ತದೆ, ದಿನಾ ಒದ್ದೆ, ದಿನಾ ಒಣಗು. ಹಗಲೂ ರಾತ್ರಿ ಓಡಿ ತೇವ ಹೀರುವ ಒಂದು ಡಿಹ್ಯೂಮಿಡಿಫೈಯರ್, ಗೋಡೆಗೆ ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್, ದಿನಕ್ಕೆರಡು ಬಾರಿ ಅಂಕಿ ಬರೆಯುವ ಪುಸ್ತಕ ಇಷ್ಟಿದ್ದರೆ ಬಹುಪಾಲು ಕೆಲಸ ಆದಂತೆ. ಕಪಾಟು ಗೋಡೆಯಿಂದ ಅರ್ಧ ಅಡಿ ದೂರ, ನೆಲದಿಂದ ಅರ್ಧ ಅಡಿ ಮೇಲೆ ನಿಲ್ಲಲಿ. ಗೆದ್ದಲು ಏರುವ ಮಣ್ಣಿನ ಗೆರೆ ಆಗ ಕಣ್ಣಿಗೆ ಬೀಳುತ್ತದೆ. ನುಸಿಗುಳಿಗೆಯಿಂದ ಬೂಷ್ಟು ಸಾಯುವುದಿಲ್ಲ, ಕೆಲಸ ಮಾಡುವವರ ಆರೋಗ್ಯ ಮಾತ್ರ ಕೆಡುತ್ತದೆ. ಆಟಿ ಕಳೆದ ಮೇಲಿನ ಸೋಣದ ಬಿಸಿಲಿಗೆ ಹಪ್ಪಳದಂತೆ ಕಡತ ಹರಡುವುದೂ ಬೇಡ. ಸೈಕ್ಲೋಸ್ಟೈಲ್ ಮಾಡಿದ ಸುತ್ತೋಲೆಗಳ ಅಗ್ಗದ ಕಾಗದ ಬಿಸಿಲಿಗೆ ಕಂದಾಗಿ ಮುರಿಯುತ್ತದೆ. ನೆರಳಲ್ಲಿ, ಫ್ಯಾನ್ ಗಾಳಿಗೆ, ನಡುವೆ ಬ್ಲಾಟಿಂಗ್ ಕಾಗದ ಇಟ್ಟು ಒಣಗಿಸಬೇಕು. ಒದ್ದೆಯಾದ ಎರಡು ದಿನದೊಳಗೆ ಇದಾಗದಿದ್ದರೆ ಬೂಷ್ಟು ಖಂಡಿತ. ಆರ್ಟ್ ಪೇಪರಿನಲ್ಲಿ ಅಚ್ಚಾದ ವಾರ್ಷಿಕ ಸಂಚಿಕೆ ಒದ್ದೆಯಾಗಿ ಹಾಗೆಯೇ ಒಣಗಿದರೆ ಪುಟಗಳು ಇಟ್ಟಿಗೆಯಾಗಿ ಅಂಟಿಬಿಡುತ್ತವೆ, ಮತ್ತೆ ಬಿಡಿಸಲಾಗದು.

ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೆ ಕರಗಿದ ಅಂಟು ಕಾಗದದ ನಾರಿನೊಳಗೆ ಇಳಿಯುತ್ತದೆ, ಅದನ್ನು ಯಾರೂ ಸುಲಭವಾಗಿ ತೆಗೆಯಲಾರರು. ಸೆಲ್ಲೋ ಟೇಪ್ ಕೂಡ ಹಾಗೆಯೇ. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪಲ್ ಪಿನ್ನುಗಳನ್ನು ಹಾಳೆ ಹರಿಯದಂತೆ ತೆಗೆದು, ಬಿಳಿ ಹತ್ತಿ ಪಟ್ಟಿಯಿಂದ ಕಟ್ಟಿ, ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿಡಬೇಕು. ಹಳೆಯ ಫ್ಯಾಕ್ಸ್ ಹಾಳೆಗಳಿದ್ದರೆ ಅವಕ್ಕೆ ಮೊದಲ ಸರದಿ ಕೊಡಿ. ಥರ್ಮಲ್ ಕಾಗದದ ಅಕ್ಷರ ತಾನಾಗಿಯೇ ಮಾಸುತ್ತದೆ.

ಇಷ್ಟಾದ ಮೇಲೆ ಸ್ಕ್ಯಾನಿಂಗ್. ಟೆಂಡರಿನಲ್ಲಿ ಬರೆಯಬೇಕಾದ ಅಂಕಿಗಳು ಇವು: ಕಾಗದಕ್ಕೆ 400 ಪಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕೆ), 24 ಬಿಟ್ ಬಣ್ಣ, ಸ್ಕ್ಯಾನಿನ ಮೂಲಪ್ರತಿ ಕುಗ್ಗಿಸದ ಟಿಫ್ ರೂಪದಲ್ಲಿ. ಮುದ್ರಿತ ಫೋಟೋಗೆ 600 ಪಿಪಿಐ, 35 ಮಿ.ಮೀ. ನೆಗೆಟಿವ್‌ಗೆ 4000 ಪಿಪಿಐ. ಏಜೆನ್ಸಿಗಳು ಕಪ್ಪು-ಬಿಳುಪಿಗೆ ಒತ್ತಾಯಿಸುವುದು ಕಡತದ ಗಾತ್ರ ಚಿಕ್ಕದಾಗುತ್ತದೆ ಎಂದು. ಆದರೆ ಸಿಂಡಿಕೇಟ್ ನಡಾವಳಿಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ‘ಚರ್ಚಿಸಿ’, ಹಸಿರು ಶಾಯಿಯ ಸಹಿ, ನೇರಳೆ ಮೊಹರು ಎಲ್ಲವೂ ಅದರಲ್ಲಿ ಮಾಯ. ಹಿನ್ನೆಲೆಯನ್ನು ತಾನಾಗಿ ಬೆಳ್ಳಗೆ ಮಾಡುವ ಮೊಬೈಲ್ ಆ್ಯಪ್‌ಗಳಲ್ಲೂ ಇದೇ ಗತಿ. ಎ4 ಅಳತೆಯ ಒಂದು ಪುಟ ಈ ಲೆಕ್ಕದಲ್ಲಿ ಸುಮಾರು 46 ಎಂಬಿ, 200 ಪುಟದ ಒಂದು ನಡಾವಳಿ ಪುಸ್ತಕ 9 ಜಿಬಿಗೂ ಮೇಲೆ. ಇದನ್ನು ಮೊದಲೇ ಲೆಕ್ಕ ಹಾಕದವರು ಅರ್ಧದಾರಿಯಲ್ಲಿ ಡಿಸ್ಕ್ ತುಂಬಿ, ಮೂಲಪ್ರತಿಗಳನ್ನು ಅಳಿಸಿ, ಪಿಡಿಎಫ್ ಮಾತ್ರ ಉಳಿಸಿಕೊಳ್ಳುತ್ತಾರೆ. ಪಿಡಿಎಫ್ ಓದುಗರಿಗೆ, ಟಿಫ್ ಮುಂದಿನ ಪೀಳಿಗೆಗೆ. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಕೊಣಾಜೆಯದು ಒಂದಾದರೆ ಇನ್ನೊಂದು ಘಟ್ಟದ ಮೇಲಿರಲಿ. ಪ್ರತಿ ಕಡತಕ್ಕೂ ಅದರ ಬೆರಳಚ್ಚಿನಂಥ ಅಂಕೆಯಾದ ಚೆಕ್‌ಸಮ್ ಬರೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡದಿದ್ದರೆ ಯಾವ ಕಡತ ಒಳಗೊಳಗೇ ಕೆಟ್ಟಿತೆಂದು ಗೊತ್ತೇ ಆಗದು.

ಕನ್ನಡದ್ದೇ ಆದ ಇನ್ನೊಂದು ತೊಡಕಿದೆ. ಯುನಿಕೋಡ್ ಬಳಕೆಗೆ ಬರುವ ಮೊದಲು ಕಚೇರಿಗಳಲ್ಲಿ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪಾದ ಕಡತಗಳು ಆ ಫಾಂಟಿಲ್ಲದೆ ತೆರೆದರೆ ಬರೀ ರೋಮನ್ ಚಿಹ್ನೆಗಳು. ಪರಿವರ್ತಕಗಳಿವೆ, ಆದರೆ ಅರ್ಕಾವೊತ್ತು ಜಾಗ ತಪ್ಪುತ್ತದೆ, ನಡುವೆ ಬಂದ ಇಂಗ್ಲಿಷ್ ಪದಗಳೂ ಕನ್ನಡ ಅಕ್ಷರಗಳ ಕಲಸುಮೇಲೋಗರವಾಗುತ್ತವೆ. ಆದ್ದರಿಂದ ಮೂಲ ಕಡತ, ಪರಿವರ್ತಿತ ಕಡತ, ಫಾಂಟು ಮೂರನ್ನೂ ಒಟ್ಟಿಗೆ ಇಡಬೇಕು. ಫ್ಲಾಪಿಗಳಿದ್ದರೆ ಓದುವ ಮೊದಲು ಅವುಗಳ ಮೇಲೆ ಹೊಸದಾಗಿ ಏನೂ ಬರೆಯಲಾಗದಂತೆ ಲಾಕ್ ಮಾಡಿ. ಟೆಸೆರಾಕ್ಟ್‌ನಂಥ ಉಚಿತ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ಕನ್ನಡ ಓದುತ್ತದೆ, ನಿಜ. ಆದರೆ ಮೊಳೆ ಅಚ್ಚಿನ ಸವೆದ ಒತ್ತಕ್ಷರಗಳಲ್ಲಿ, ತುಳು ಮನೆತನದ ಹೆಸರುಗಳಲ್ಲಿ ಎಡವುತ್ತದೆ. ಹೆಸರುಗಳನ್ನಾದರೂ ಮನುಷ್ಯರೇ ತಿದ್ದಬೇಕು. ಆವರಣದ ಹೆಸರನ್ನು ಮಂಗಳಗಂಗೋತ್ರಿ ಎಂದು ಕೂಡಿಸಿ ಬರೆದದ್ದು, ಮಂಗಳ ಗಂಗೋತ್ರಿ ಎಂದು ಬಿಡಿಸಿ ಬರೆದದ್ದು, ಮ್ಯಾಂಗಲೋರ್, ಮಂಗಳೂರು, ಭಟ್, ಭಟ್ಟ ಎಲ್ಲವನ್ನೂ ಒಂದೇ ಹುಡುಕಾಟಕ್ಕೆ ಸಿಗುವಂತೆ ಜೋಡಿಸದಿದ್ದರೆ ಅಂತರ್ಜಾಲಕ್ಕೆ ಹಾಕಿಯೂ ಹುಡುಕಿದವರಿಗೆ ಸಿಗದು. ದಾಖಲೆಯ ವಿವರ ಬರೆಯುವ ಅಂತರರಾಷ್ಟ್ರೀಯ ಮಾದರಿಯಾದ ಡಬ್ಲಿನ್ ಕೋರ್‌ನ 15 ಅಂಕಣಗಳು, ಡಿಜಿಟಲ್ ಸಂಗ್ರಹ ನಡೆಸುವ ಡಿಸ್ಪೇಸ್ ಅಥವಾ ಒಮೆಕಾದಂಥ ಉಚಿತ ತಂತ್ರಾಂಶ ಇಷ್ಟಕ್ಕೆ ಧಾರಾಳ ಸಾಕು.

ಧ್ವನಿಯ ಕಡೆ ಯಾರ ಗಮನವೂ ಹೋಗುವುದಿಲ್ಲ. ಪಾಡ್ದನ, ಯಕ್ಷಗಾನ, ಊರಿನ ಹಿರಿಯರ ಮಾತು ಎಂದು ಕ್ಷೇತ್ರಕಾರ್ಯಕ್ಕೆ ಹೋದ ಸಂಶೋಧನಾ ವಿದ್ಯಾರ್ಥಿಗಳ ಕ್ಯಾಸೆಟ್ಟುಗಳು ಮಾರ್ಗದರ್ಶಕರ ಮನೆಯ ಅಟ್ಟದಲ್ಲೋ ವಿಭಾಗದ ಡ್ರಾಯರಿನಲ್ಲೋ ಇರಬಹುದು. ಪ್ರಬಂಧ ಗ್ರಂಥಾಲಯಕ್ಕೆ, ಸಂಶೋಧನಾ ಪ್ರಬಂಧಗಳ ಜಾಲಭಂಡಾರವಾದ ಶೋಧಗಂಗಾಕ್ಕೆ ಹೋಗುತ್ತದೆ, ಅದರ ಹಿಂದಿನ ಧ್ವನಿ ಎಲ್ಲಿಗೂ ಹೋಗುವುದಿಲ್ಲ. ಟೇಪಿನ ಅಂಚಿನಲ್ಲಿ ಬಿಳಿ ಹುಡಿ ಕಂಡರೆ ಅದು ಬೂಷ್ಟು. ಹಾಗೆಯೇ ಪ್ಲೇಯರಿಗೆ ಹಾಕಿದರೆ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಟೇಪನ್ನು ಒತ್ತಿ ಹಿಡಿಯುವ ಪುಟ್ಟ ಪ್ಯಾಡ್ ಅಂಟು ಒಣಗಿ ಬಿದ್ದುಹೋಗಿದ್ದರೆ ಧ್ವನಿ ಮಂಕಾಗುತ್ತದೆ. ಆಗ ಎರಡು ಸುರುಳಿಗಳನ್ನೂ ಎತ್ತಿ, ಸ್ಕ್ರೂ ಇರುವ ಬೇರೆ ಚಿಪ್ಪಿಗೆ ಕೂರಿಸಬೇಕು. ಹಿಂಬದಿಯ ಎರಡು ಕಿವಿಗಳನ್ನು ಮುರಿದ ಮೇಲಷ್ಟೇ ನುಡಿಸಿ, ಕೈತಪ್ಪಿ ಮೇಲೆ ರೆಕಾರ್ಡ್ ಆಗುವ ಭಯವಿರದು. 96 ಕಿಲೋಹರ್ಟ್ಸ್, 24 ಬಿಟ್ ವೇವ್ ರೂಪದಲ್ಲಿ ಒಂದು ಗಂಟೆಯ ಸ್ಟೀರಿಯೋ ಸುಮಾರು 2 ಜಿಬಿ.

ಎಲ್ಲವನ್ನೂ ತೆರೆದಿಡಬಹುದೆಂದು ನಾವು ಹೇಳುತ್ತಿಲ್ಲ. ಅಂಕ ದಾಖಲೆ, ಶಿಸ್ತುಕ್ರಮದ ಕಡತ, ವೈದ್ಯಕೀಯ ಕಾಗದಗಳನ್ನು ಉಳಿಸಬೇಕು, ಅಂತರ್ಜಾಲಕ್ಕೆ ಹಾಕಬಾರದು. ವಾರ್ಷಿಕ ಸಂಚಿಕೆಯ ಕವಿತೆಯ ಹಕ್ಕು ಸಾಮಾನ್ಯವಾಗಿ ಬರೆದವರದು, ಅವರು ತೀರಿಕೊಂಡ ಮೇಲೂ 60 ವರ್ಷ. 2012ರ ತಿದ್ದುಪಡಿಯ ನಂತರ ಫೋಟೋಗೂ ಹಾಗೆಯೇ, ತೆಗೆದವರು ತೀರಿಕೊಂಡ ಮೇಲೂ 60 ವರ್ಷ. ಕೇಳಿದರೆ ಸಂತೋಷದಿಂದ ಒಪ್ಪಿಗೆ ಕೊಡುವವರೇ ಹೆಚ್ಚು. ಆ ಒಪ್ಪಿಗೆ ಒಂದು ಹಾಳೆಯಲ್ಲಿ ಬರೆದಿರಲಿ. ನಡಾವಳಿ, ವರದಿ, ಪ್ರಾಸ್ಪೆಕ್ಟಸ್, ಘಟಿಕೋತ್ಸವ ಭಾಷಣಗಳಿಂದ ಆರಂಭಿಸಿದರೆ ತಕರಾರು ಕಡಿಮೆ. ಹಕ್ಕು ಮುಕ್ತವಾಗಿರುವ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಕೊಟ್ಟರೆ ಕನ್ನಡ ವಿಕಿಪೀಡಿಯಕ್ಕೂ, 2016ರಿಂದ ಇರುವ ತುಳು ವಿಕಿಪೀಡಿಯಕ್ಕೂ ಸಿಗುತ್ತವೆ. ಹೊಸ ಜಾಲತಾಣ ಮಾಡಿಸುವಾಗ ಹಳೆಯದನ್ನು ಅಳಿಸುವ ಮುನ್ನ ಇಡೀ ತಾಣದ ಪ್ರತಿ ಉಳಿಸಬೇಕು. ಈಚಿನ ವರ್ಷಗಳ ಸುತ್ತೋಲೆಗಳು ಎಷ್ಟೋ ಕಡೆ ಕಾಗದದಲ್ಲಿ ಇಲ್ಲವೇ ಇಲ್ಲ.

ಕಾಯಲಾಗದ ಕೆಲಸವೊಂದಿದೆ. ಸ್ನಾತಕೋತ್ತರ ಕೇಂದ್ರದ ಮೊದಲ ವರ್ಷಗಳಲ್ಲಿ ಪಾಠ ಮಾಡಿದವರಿಗೆ, ಕಚೇರಿಯಲ್ಲಿ, ಗ್ರಂಥಾಲಯದಲ್ಲಿ, ಹಾಸ್ಟೆಲ್ ಅಡುಗೆಮನೆಯಲ್ಲಿ ದುಡಿದವರಿಗೆ ಈಗ ಎಂಬತ್ತರ ಆಸುಪಾಸು. ಗುಂಪುಚಿತ್ರದ ಹಿಂದಿನ ಸಾಲಿನಲ್ಲಿ ನಿಂತವರ ಹೆಸರು ಅವರಿಗಷ್ಟೇ ಗೊತ್ತು. ತುಳು, ಕೊಂಕಣಿ, ಬ್ಯಾರಿ, ಅವರಿಗೆ ಯಾವ ಭಾಷೆ ಹತ್ತಿರವೋ ಅದರಲ್ಲೇ ಮಾತಾಡಿಸಿ, ಹಾಗೆಯೇ ರೆಕಾರ್ಡ್ ಮಾಡಿ. ಹಳೆಯ ಫೋಟೋ ತೋರಿಸಿ ಕೇಳಿದರೆ ಬರಿಯ ಪ್ರಶ್ನೆಗಿಂತ ಹೆಚ್ಚು ನೆನಪಾಗುತ್ತದೆ. ವಿಶ್ವವಿದ್ಯಾನಿಲಯ ಈ ವರ್ಷವೇ ಒಬ್ಬ ತರಬೇತಾದ ದಾಖಲೆಪಾಲಕರನ್ನು ನೇಮಿಸಿ, ಮಳೆ ಬಿಟ್ಟ ಮೇಲೆ ಪಟ್ಟಿ ಶುರುಮಾಡಿ, ಮೇ ಕೊನೆಯಲ್ಲಿ ಬರುವ ಪತ್ತನಾಜೆಯೊಳಗೆ ಮೊದಲ ಸುತ್ತು ಮುಗಿಸಿ ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ.

ಹಳೆಯ ವಿದ್ಯಾರ್ಥಿಗಳಲ್ಲೂ ನಿವೃತ್ತರ ಮನೆಯವರಲ್ಲೂ ಒಂದು ವಿನಂತಿ: ಆಲ್ಬಮ್ಮಿನಲ್ಲಿರುವ ಗುಂಪುಚಿತ್ರಗಳ ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಹೆಸರು, ಅಂದಾಜು ವರ್ಷ, ಜಾಗ ಬರೆದಿಡಿ. ಬಾಲ್‌ಪೆನ್ ಒತ್ತಿದ ಗೆರೆ ಮುಂಬದಿಗೆ ಮೂಡುತ್ತದೆ, ಶಾಯಿಯೂ ಹಬ್ಬುತ್ತದೆ. 2ಬಿ ಪೆನ್ಸಿಲ್ ಹಿಡಿದು, ಅಂಚಿನಲ್ಲಿ, ಹಗುರವಾಗಿ ಬರೆಯಿರಿ.

— ದಾಖಲೆ ಸಂರಕ್ಷಣೆಯಲ್ಲಿ ತೊಡಗಿರುವ ಓದುಗರು, ಮಂಗಳೂರು ಮತ್ತು ಉಡುಪಿ